ಒಬ್ಬನೇ ಅಭಿಮಾನಿ, ಐದು ನಾಲಿಗೆ

ಮಳೆಗಾಲದ ಒಂದು ಬೆಳಿಗ್ಗೆ ನಂಜನಗೂಡು ಕಡೆಯ ಹಳ್ಳಿಯ ರೈತರೊಬ್ಬರು ಮೈಸೂರಿನ ನಮ್ಮ ರೂಮು ಹುಡುಕಿಕೊಂಡು ಬಂದರು. ನಮ್ಮಲ್ಲೊಬ್ಬನ ಊರಿನವರೇ. ಮಗನನ್ನು ಪೊಲೀಸರು ವಿಚಾರಣೆಗೆ ಕರೆದಿದ್ದಾರೆ, ಫೋನು ತೆಗೆದುಕೊಂಡಿದ್ದಾರೆ, ನೀವು ಪೇಪರಿನವರು, ಯಾರಾದರೂ ವಕೀಲರು ಗೊತ್ತಾ ಎಂದು ಕೇಳಿದರು. ಹುಡುಗ ಒಬ್ಬ ನಟಿಯ ಬಗ್ಗೆ ಇನ್‌ಸ್ಟಾಗ್ರಾಮಿನಲ್ಲಿ ಏನೋ ಬರೆದಿದ್ದ. ಅದರ ಫೋಟೋವನ್ನು ಯಾರೋ ಪ್ರಿಂಟ್ ತೆಗೆಸಿ ಅವರ ಕೈಗೆ ಕೊಟ್ಟಿದ್ದರು. ಅವರಿಗೆ ಓದು ಬರದು.

"ಅದೇನ್ ಬರ್ದವ್ನೆ ಅಂತ ವಸಿ ಓದಿ ಹೇಳ್ರಪ್ಪ" ಅಂದರು.

ನಾವು ನಾಲ್ಕು ಜನ ಇದ್ದೆವು. ಒಬ್ಬರಿಗೂ ಓದಿ ಹೇಳಲು ಆಗಲಿಲ್ಲ. ಆ ಕಾಗದದಲ್ಲಿದ್ದ ಮಾತನ್ನು ಒಬ್ಬ ತಂದೆಯ ಮುಂದೆ ಆಡುವ ಹಾಗಿರಲಿಲ್ಲ. "ಕೆಟ್ಟ ಮಾತು ಬರೆದಿದ್ದಾನೆ ಯಜಮಾನ್ರೇ" ಎಂದಷ್ಟೇ ಹೇಳಿದೆವು. ಅವರು ಕಾಗದ ಮಡಿಚಿ ಜೇಬಿಗಿಟ್ಟು, "ಊರಲ್ಲಿ ಒಂದು ಹೆಣ್ಣುಮಗಳಿಗೂ ಎದುರು ಮಾತಾಡ್ದೋನಲ್ಲ" ಅಂದರು.

ಅವರು ಹೇಳಿದ್ದು ಸುಳ್ಳಲ್ಲ. ಆ ಹುಡುಗನನ್ನು ನಾವೂ ಬಲ್ಲೆವು. ನಮ್ಮ ಜೊತೆಗಾತಿಯನ್ನು ಕಂಡರೆ "ಅಕ್ಕ, ಊಟ ಆಯ್ತಾ" ಎನ್ನುವವನು. ಪುನೀತ್ ತೀರಿಕೊಂಡಾಗ ಊರಿನಲ್ಲಿ ಅನ್ನದಾನಕ್ಕೆ ಮನೆ ಮನೆ ಸುತ್ತಿ ಅಕ್ಕಿ ಎತ್ತಿದವನು. ಅದೇ ಬೆರಳು ಆ ಹೊಲಸನ್ನೂ ಬರೆಯಿತು. ಎರಡೂ ನಿಜ. ಈ ಎರಡರ ನಡುವೆ ಏನು ನಡೆಯಿತು ಎಂಬುದೇ ಈ ಬರಹ.

ಅಭಿಮಾನಿಗಳ ಜಗಳ ಟಿವಿಗೆ ಬಂದಾಗಲೆಲ್ಲ ಒಂದೇ ತೀರ್ಪು ಕೇಳಿಬರುತ್ತದೆ: ಹಳ್ಳಿ ಹುಡುಗರು, ಅಂಧಾಭಿಮಾನಿಗಳು, ಕೆಲಸ ಇಲ್ಲದವರು. ಈ ತೀರ್ಪನ್ನು ನಾವು ಒಪ್ಪುವುದಿಲ್ಲ. ಹಾಗೆಂದು ಬೈದವನನ್ನು ಮಡಿಲಲ್ಲಿ ಕೂರಿಸಿಕೊಳ್ಳುವುದೂ ಇಲ್ಲ. ನಮ್ಮ ವಾದ ಇಷ್ಟೇ. ಅಭಿಮಾನಿ ಏನು ಮಾತಾಡುತ್ತಾನೆ ಎನ್ನುವುದನ್ನು ಅವನ ಮನಸ್ಸಿನಷ್ಟೇ ಅವನು ನಿಂತ ಜಾಗವೂ ತೀರ್ಮಾನಿಸುತ್ತದೆ. ಫೇಸ್‌ಬುಕ್, ವಾಟ್ಸಾಪ್, ಯೂಟ್ಯೂಬ್, ಎಕ್ಸ್, ಇನ್‌ಸ್ಟಾಗ್ರಾಂ ಐದೂ ಒಂದೇ ಥರದ ಕಟ್ಟೆಗಳಲ್ಲ. ಒಂದೊಂದೂ ಒಂದೊಂದು ಮಾತಿಗೆ ಬಹುಮಾನ ಕೊಡುತ್ತದೆ. ಬಹುಮಾನ ಕೊಟ್ಟವರು ದುಡ್ಡು ಎಣಿಸುತ್ತಾರೆ, ಠಾಣೆಯ ಮೆಟ್ಟಿಲು ಹತ್ತುವವನು ನಮ್ಮೂರ ಹುಡುಗ.

ಹಳೆಯ ಕಟ್ಟೆಯೂ ಶುದ್ಧವಿರಲಿಲ್ಲ

ಮೊದಲೇ ಒಂದು ಮಾತು ಒಪ್ಪಿಕೊಂಡು ಮುಂದೆ ಹೋಗೋಣ. ಫೋನು ಬರುವ ಮೊದಲು ಎಲ್ಲ ಚೆನ್ನಾಗಿತ್ತು ಎಂದು ನಾವು ಹೇಳುತ್ತಿಲ್ಲ. 'ಗಂಧದ ಗುಡಿ' ಬಂದದ್ದು 1973ರಲ್ಲಿ. ಅದರ ಚಿತ್ರೀಕರಣದ ವೇಳೆ ನಡೆದ ಬಂದೂಕಿನ ಅವಘಡದ ಸುತ್ತ ಎದ್ದ ಪುಕಾರು ವಿಷ್ಣುವರ್ಧನ್ ಅವರನ್ನು ದಶಕಗಳ ಕಾಲ ಕಾಡಿತು. ಆಗ ಯಾರ ಕೈಯಲ್ಲೂ ಮೊಬೈಲ್ ಇರಲಿಲ್ಲ. ಬಾಯಿಂದ ಬಾಯಿಗೆ ಹೋದ ಮಾತೇ ಇಬ್ಬರು ದೊಡ್ಡ ನಟರ ಅಭಿಮಾನಿಗಳ ನಡುವೆ ಗೋಡೆ ಕಟ್ಟಿತು. 2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನಲ್ಲಿ ಗಲಭೆಯಾಗಿ ಜೀವಗಳೇ ಹೋದವು. ಆಗ ವಾಟ್ಸಾಪ್ ಹುಟ್ಟಿಯೇ ಇರಲಿಲ್ಲ.

ಆದರೆ ಆ ಕಾಲದಲ್ಲಿ ಅಭಿಮಾನಿ ಸಂಘ ಎಂದರೆ ಒಂದು ಬೋರ್ಡು, ಒಬ್ಬ ಅಧ್ಯಕ್ಷ, ಒಂದು ಆಟೊ ಸ್ಟ್ಯಾಂಡು ಅಥವಾ ಟೀ ಅಂಗಡಿ. ಹುಡುಗ ತಪ್ಪು ಮಾಡಿದರೆ ಅಧ್ಯಕ್ಷರ ಹೆಸರು ಹೇಳಿ ಅವರ ಮನೆ ಬಾಗಿಲಿಗೆ ಹೋಗಬಹುದಿತ್ತು. 1980ರ ದಶಕದ ಆರಂಭದಲ್ಲಿ ಗೋಕಾಕ್ ವರದಿಗಾಗಿ ಚಳವಳಿ ನಡೆದಾಗ ರಾಜ್‌ಕುಮಾರ್ ಊರೂರು ಸುತ್ತಿದರು, ಅಭಿಮಾನಿ ಸಂಘದವರು ಜೊತೆಗೆ ನಿಂತರು. ಅಭಿಮಾನ ಒಂದು ಭಾಷೆಯ ಕೆಲಸಕ್ಕೆ ಬಂತು. 'ರೂಪತಾರಾ'ಗೋ 'ವಿಜಯಚಿತ್ರ'ಕ್ಕೋ ಕಾಗದ ಬರೆದರೆ ಅಚ್ಚಾಗುವಷ್ಟರಲ್ಲಿ ವಾರಗಳು ಕಳೆಯುತ್ತಿದ್ದವು. ಬರೆದವನ ಸಿಟ್ಟೂ ಅಷ್ಟರಲ್ಲಿ ಇಳಿದಿರುತ್ತಿತ್ತು. ಕೆಟ್ಟ ಸಾಲು ಇದ್ದರೆ ಸಂಪಾದಕರು ಹೊಡೆದು ಹಾಕುತ್ತಿದ್ದರು.

ಮೈಸೂರಿನಲ್ಲಿ ಅಭಿಮಾನಿಗಳ ಮಾತುಕತೆಗೆ ದೊಡ್ಡ ಜಾಗ ಎಂದರೆ ಟಾಕೀಸಿನ ಮುಂದಿನ ಕ್ಯೂ. ರಾಜ್ ಅಭಿಮಾನಿಯೂ ವಿಷ್ಣು ಅಭಿಮಾನಿಯೂ ಒಂದೇ ಕಡಲೆಕಾಯಿ ಪೊಟ್ಟಣಕ್ಕೆ ಕೈ ಹಾಕುತ್ತ ಜಗಳ ಆಡುತ್ತಿದ್ದರು ಎಂದು ನಮ್ಮ ಅಪ್ಪಂದಿರು ಹೇಳುತ್ತಾರೆ. ಕೋವಿಡ್ ಬಂದ ಮೇಲೆ ಶಾಂತಲಾ ಮುಚ್ಚಿತು, ಲಕ್ಷ್ಮಿ ಮುಚ್ಚಿತು. ಕ್ಯೂ ಹೋಯಿತು. ಮಾತು ಪೂರ್ತಿ ಫೋನಿಗೆ ಹೋಯಿತು. ಫೋನಿನೊಳಗೆ ಎದುರಿನವನ ಮುಖ ಇಲ್ಲ.

ಫೇಸ್‌ಬುಕ್: ದೊಡ್ಡವರ ಜಗಲಿ

ಫೇಸ್‌ಬುಕ್ಕಿನಲ್ಲಿ ಈಗ ನಮ್ಮ ವಯಸ್ಸಿನವರು ಕಡಿಮೆ. ಅಲ್ಲಿ ಇರುವವರು ನಲವತ್ತು ದಾಟಿದವರು. ಹೆಸರು, ಫೋಟೋ, ಊರು ಬಹುಪಾಲು ನಿಜವಾದದ್ದು. ಬೀಗರೂ ನೋಡುತ್ತಾರೆ, ಶಾಲೆಯ ಮೇಷ್ಟ್ರೂ ನೋಡುತ್ತಾರೆ. ಅದಕ್ಕೇ ಅಲ್ಲಿನ ಮಾತು ಉದ್ದ, ಸ್ವಲ್ಪ ನಿಧಾನ.

ವಿಷ್ಣುವರ್ಧನ್ ಅಭಿಮಾನಿಗಳನ್ನು ನೋಡಿ. ಅವರು ಹುಟ್ಟಿದ್ದು ಮೈಸೂರಿನಲ್ಲಿ, 2009ರ ಡಿಸೆಂಬರ್ 30ರಂದು ತೀರಿಕೊಂಡದ್ದೂ ಇಲ್ಲೇ. ಸ್ಮಾರಕ ಎಲ್ಲಿ ಆಗಬೇಕು, ಬೆಂಗಳೂರಿನ ಅಭಿಮಾನ್ ಸ್ಟುಡಿಯೋದಲ್ಲೋ ಮೈಸೂರಿನಲ್ಲೋ ಎಂಬ ಜಗಳ ವರ್ಷಗಟ್ಟಲೆ ನಡೆಯಿತು. ಕೊನೆಗೆ ಮೈಸೂರಿನ ಹೊರವಲಯದ ಹಾಲಾಳು ಗ್ರಾಮದಲ್ಲಿ 2023ರ ಜನವರಿ 29ರಂದು ಸ್ಮಾರಕ ಉದ್ಘಾಟನೆಯಾಯಿತು. 2025ರ ಆಗಸ್ಟ್‌ನಲ್ಲಿ ಅಭಿಮಾನ್ ಸ್ಟುಡಿಯೋದ ಸಮಾಧಿಯನ್ನು ಕೆಡವಿದಾಗ ಆ ಗಾಯ ಮತ್ತೆ ತೆರೆಯಿತು. ಇಷ್ಟು ಉದ್ದದ ಜಗಳದ ಹಳೆಯ ಫೋಟೋ, ಪತ್ರಿಕೆಯ ತುಣುಕು, ಯಾರು ಯಾವಾಗ ಏನು ಮಾತು ಕೊಟ್ಟರು ಎಂಬ ಲೆಕ್ಕವನ್ನು ನಾವು ಕಂಡದ್ದು ಫೇಸ್‌ಬುಕ್ ಗುಂಪುಗಳಲ್ಲೇ. ಇನ್‌ಸ್ಟಾಗ್ರಾಮಿನ ಮೂವತ್ತು ಸೆಕೆಂಡಿನಲ್ಲಿ ಅದು ಹಿಡಿಯುವುದಿಲ್ಲ.

ಇಷ್ಟಾದರೂ ಫೇಸ್‌ಬುಕ್ ಸಾಧು ಅಲ್ಲ. ಅದರ ಮಾಜಿ ಉದ್ಯೋಗಿ ಫ್ರಾನ್ಸಿಸ್ ಹಾಗನ್ 2021ರಲ್ಲಿ ಕಂಪನಿಯ ಒಳಗಿನ ದಾಖಲೆಗಳನ್ನು ಹೊರಗೆ ತಂದರು. ಅವುಗಳಿಂದ ತಿಳಿದ ಒಂದು ಸಂಗತಿಯನ್ನು ನಮ್ಮ ಓದುಗರು ನೆನಪಿಡಬೇಕು. ನೀವು ಲೈಕ್ ಒತ್ತಿದರೆ ಒಂದು ಅಂಕ ಎಂದಿಟ್ಟುಕೊಳ್ಳಿ. 2017ರಿಂದ ಸಿಟ್ಟಿನ ಮುಖ, ನಗುವ ಮುಖ ಮೊದಲಾದ ಚಿತ್ರಗಳನ್ನು ಒತ್ತಿದರೆ ಅದಕ್ಕೆ ಐದು ಅಂಕ. ಹೆಚ್ಚು ಅಂಕ ಬಂದ ಪೋಸ್ಟು ಹೆಚ್ಚು ಜನರ ಮುಂದೆ ಹೋಗುತ್ತದೆ. ಸಿಟ್ಟು ಬರಿಸುವ ಪೋಸ್ಟುಗಳಲ್ಲಿ ಸುಳ್ಳೂ ವಿಷವೂ ಹೆಚ್ಚು ಎಂದು ಕಂಪನಿಯವರೇ ಕಂಡುಕೊಂಡ ಮೇಲೆ ಸಿಟ್ಟಿನ ಮುಖದ ತೂಕ ಇಳಿಸುತ್ತಾ ಬಂದು ಕೊನೆಗೆ ಸೊನ್ನೆ ಮಾಡಿದರು. ಅಂದರೆ ನಿಮ್ಮ ಸಿಟ್ಟಿಗೆ ಎಷ್ಟು ಬೆಲೆ ಎಂದು ಗೊತ್ತು ಮಾಡುವ ತಕ್ಕಡಿ ಅವರ ಕೈಯಲ್ಲಿದೆ. ಬೇಕಾದಾಗ ಏರಿಸಿದರು, ಬೇಕಾದಾಗ ಇಳಿಸಿದರು. ನಾವು ಬರೀ ಕಟ್ಟೆ ಕಟ್ಟಿಕೊಟ್ಟಿದ್ದೇವೆ, ಮಾತು ನಿಮ್ಮದು ಎಂದು ಈ ಕಂಪನಿಗಳು ಹೇಳಿದಾಗ ನಂಬಬೇಡಿ ಎನ್ನುವುದು ಇದಕ್ಕೇ.

ವಾಟ್ಸಾಪ್: ಬಾಗಿಲು ಹಾಕಿದ ಮನೆ

ವಾಟ್ಸಾಪ್ ಗುಂಪಿಗೆ ಈಗ 1,024 ಜನರ ತನಕ ಸೇರಿಸಬಹುದು. ಒಳಗೆ ನಡೆದದ್ದನ್ನು ಹೊರಗಿನವರು ನೋಡಲಾಗದು, ಕಂಪನಿಯೂ ಓದುವುದಿಲ್ಲ. ಖಾಸಗಿ ಮಾತಿಗೆ ಅದು ಒಳ್ಳೆಯದೇ. ಆದರೆ ತಾಲ್ಲೂಕು ಮಟ್ಟದ ಅಭಿಮಾನಿ ಗುಂಪು ಖಾಸಗಿ ಮನೆ ಅಲ್ಲ, ಬಾಗಿಲು ಹಾಕಿದ ಸಭೆ. ಅಲ್ಲಿ ಎಲ್ಲರೂ ಒಂದೇ ನಟನ ಕಡೆಯವರು. ಎದುರು ಮಾತಾಡುವವನನ್ನು ಅಡ್ಮಿನ್ ತೆಗೆದು ಹಾಕುತ್ತಾನೆ. ಉಳಿದವರೆಲ್ಲ ಹೌದು ಹೌದು ಅನ್ನುತ್ತಾರೆ. ವಾರ ಕಳೆದರೆ ಲೋಕವೇ ನಮ್ಮ ಕಡೆ ಇದೆ ಎನಿಸುತ್ತದೆ.

ಇಲ್ಲಿ ಬಹುಮಾನ ನಂಬಿಕೆಗೆ. ಮಾಮ ಕಳಿಸಿದ್ದು, ಸಂಘದ ಅಧ್ಯಕ್ಷರು ಕಳಿಸಿದ್ದು ಎಂದರೆ ಯಾರೂ ಪ್ರಶ್ನೆ ಕೇಳುವುದಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದ ಮೇಲೆ ಏನಾಯಿತು ನೆನಪಿಸಿಕೊಳ್ಳಿ. ಒಂದು ಕಡೆ ಜಿಮ್ಮಿಗೆ ಹೋದರೆ ಎದೆ ಒಡೆಯುತ್ತದೆ ಎಂಬ ಮೆಸೇಜುಗಳು, ಜಯದೇವ ಆಸ್ಪತ್ರೆಯ ಮುಂದೆ ಗಾಬರಿಗೊಂಡವರ ಸಾಲು. ಇನ್ನೊಂದು ಕಡೆ ಅದೇ ಗುಂಪುಗಳಲ್ಲಿ ಕಣ್ಣುದಾನದ ನೋಂದಣಿಯ ಮಾಹಿತಿ ಹರಿದಾಡಿತು. ಪುನೀತ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದ ಸುದ್ದಿ ಕೇಳಿ ಹಳ್ಳಿ ಹಳ್ಳಿಗಳಲ್ಲಿ ಜನ ಸಾಲುಗಟ್ಟಿ ಹೆಸರು ಬರೆಸಿದರು. ಒಂದೇ ಬಾವಿಯಿಂದ ಎರಡೂ ನೀರು ಬಂತು. ಬಾವಿಗೆ ಒಳ್ಳೆಯದು ಕೆಟ್ಟದ್ದು ಗೊತ್ತಿಲ್ಲ, ಹಗ್ಗ ಹಿಡಿದವರಿಗೆ ಗೊತ್ತಿರಬೇಕು.

ಹಗ್ಗ ಹಿಡಿದವರು ಗುಂಪಿನ ಅಡ್ಮಿನ್‌ಗಳು. ಇನ್ನೊಬ್ಬರು ಹಾಕಿದ ಮೆಸೇಜಿಗೆ ಅಡ್ಮಿನ್ ಆದ ಮಾತ್ರಕ್ಕೆ ಅಪರಾಧಿ ಆಗುವುದಿಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಸರಿ, ಕಾನೂನು ಅಷ್ಟು ಹೇಳುತ್ತದೆ. ಆದರೆ ಸದಸ್ಯರ ಮೆಸೇಜನ್ನು ಎಲ್ಲರಿಗೂ ಅಳಿಸಿ ಹಾಕುವ ಅಧಿಕಾರ ಅಡ್ಮಿನ್ ಕೈಯಲ್ಲಿದೆ. ಅಧಿಕಾರ ಇದ್ದೂ ಕೂತು ನೋಡಿದವರಿಗೆ ಕೋರ್ಟಿನ ಭಯ ಇಲ್ಲದಿರಬಹುದು, ಊರಿನ ಮುಂದೆ ಉತ್ತರ ಕೊಡಬೇಕಲ್ಲವೇ?

ಯೂಟ್ಯೂಬ್: ಲೆಕ್ಕದ ಹುಚ್ಚು

ಯೂಟ್ಯೂಬಿನಲ್ಲಿ ಅಭಿಮಾನ ಎಂದರೆ ಸಂಖ್ಯೆ. 'ಕೆಜಿಎಫ್ 2' ಟೀಸರ್ 2021ರ ಜನವರಿಯಲ್ಲಿ ಬಂದು ಎರಡು ದಿನದೊಳಗೆ 10 ಕೋಟಿ ವೀಕ್ಷಣೆ ದಾಟಿದಾಗ ಕನ್ನಡದವರಿಗೆಲ್ಲ ಹೆಮ್ಮೆ ಆಯಿತು, ನಮಗೂ ಆಯಿತು. ಆದರೆ ಅಂದಿನಿಂದ ಪ್ರತಿ ಟೀಸರಿಗೂ ಓಟದ ಪಂದ್ಯ. ನಮ್ಮ ಬಾಸ್‌ಗೆ 24 ಗಂಟೆಯಲ್ಲಿ ಎಷ್ಟು, ಅವರ ಬಾಸ್‌ಗೆ ಎಷ್ಟು? ಕಾಮೆಂಟಿನಲ್ಲಿ ಸಿನಿಮಾ ಹೇಗಿದೆ ಎಂಬ ಮಾತೇ ಇಲ್ಲ. ಕ್ಯಾಮೆರಾ ಯಾರದು, ಸಂಭಾಷಣೆ ಯಾರದು, ಕತೆಯಲ್ಲಿ ಹುರುಳಿದೆಯಾ ಎಂದು ಕೇಳಿದವನು ದ್ರೋಹಿ. ಊರಿನ ಹುಡುಗ ತನ್ನ ದುಡ್ಡಿನ ಡೇಟಾ ಸುಟ್ಟು ರಾತ್ರಿ ಇಡೀ ಅದೇ ವಿಡಿಯೋ ಓಡಿಸುತ್ತಾನೆ. ಇದು ಕೂಲಿ ಇಲ್ಲದ ಪ್ರಚಾರದ ಕೆಲಸ.

ಇದರ ಪಕ್ಕದಲ್ಲೇ ಇನ್ನೊಂದು ದಂಧೆ ಬೆಳೆದಿದೆ. ಜಾಹೀರಾತಿನ ಹಣ ಸಿಗಬೇಕಾದರೆ ಚಾನೆಲ್ಲಿಗೆ 1,000 ಚಂದಾದಾರರು ಮತ್ತು ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಬೇಕು. ಆ ಗೆರೆ ಮುಟ್ಟಲು ಸುಲಭದ ದಾರಿ ಇಬ್ಬರು ನಟರ ಫೋಟೋ ಎದುರುಬದುರು ಇಟ್ಟು, ನಡುವೆ ಬೆಂಕಿ ಹಾಕಿ, 'ಟಾಂಗ್ ಕೊಟ್ಟ ಬಾಸ್' ಎಂದು ಬರೆಯುವುದು. ಒಳಗೆ ತೆರೆದು ನೋಡಿದರೆ ಟಾಂಗೂ ಇಲ್ಲ, ಮಾತೂ ಇಲ್ಲ. ಪತ್ರಿಕೋದ್ಯಮ ಓದಿದ ನಮ್ಮಂಥವರೇ ಇಂಥ ಚಾನೆಲ್ಲುಗಳಲ್ಲಿ ಸಂಬಳಕ್ಕೆ ಕೂತು ಇಂಥ ಶೀರ್ಷಿಕೆ ಬರೆದಿದ್ದಾರೆ. ನಮ್ಮ ಗುಂಪಿನಲ್ಲೇ ಇಬ್ಬರು ಮೂರು ತಿಂಗಳು ಆ ಕೆಲಸ ಮಾಡಿ ಬಿಟ್ಟು ಬಂದವರಿದ್ದಾರೆ. ಹೊಟ್ಟೆಪಾಡು ಎಂದು ಹೇಳಿಕೊಂಡರೂ ಬೆಂಕಿ ಹಚ್ಚಿದ ಪಾಲು ನಮ್ಮದೂ ಇದೆ.

ಎಕ್ಸ್: ಕೂಗಿದವನದೇ ರಾಜ್ಯ

ಟ್ವಿಟರ್ ಎಂದಿದ್ದದ್ದು ಈಗ ಎಕ್ಸ್. ನಮ್ಮ ಹಳ್ಳಿಗಳಲ್ಲಿ ಅದನ್ನು ಬಳಸುವವರು ಕಡಿಮೆ. ಆದರೆ ಅಲ್ಲಿ ಎದ್ದ ಹೊಗೆಯೇ ಮಾರನೆಯ ದಿನ ಟಿವಿಯಲ್ಲಿ, ಸಂಜೆ ನಮ್ಮ ವಾಟ್ಸಾಪಿನಲ್ಲಿ ಬೆಂಕಿ ಆಗುತ್ತದೆ. ಸಾಮಾನ್ಯ ಖಾತೆಗೆ 280 ಅಕ್ಷರದ ಮಿತಿ. ಅಷ್ಟರಲ್ಲಿ ಕಾರಣ ಹೇಳುವುದು ಕಷ್ಟ, ಬೈಯುವುದು ಸುಲಭ. ಬಹುಮಾನ ಟ್ರೆಂಡಿಂಗ್ ಪಟ್ಟಿಯಲ್ಲಿ ಬಂದ ಹೆಸರಿಗೆ. ಅದಕ್ಕಾಗಿ ಸಂಜೆ ಆರು ಗಂಟೆಗೆ ಎಲ್ಲರೂ ಒಂದೇ ಟ್ಯಾಗ್ ಹಾಕಬೇಕು ಎಂದು ಹಿಂದಿನ ದಿನವೇ ಆಜ್ಞೆ ಹೊರಡುತ್ತದೆ. ಹುಟ್ಟುಹಬ್ಬಕ್ಕೆ ಹೊಗಳುವ ಟ್ಯಾಗ್ ಬಂದರೆ, ಅದಕ್ಕೆ ಎದುರಾಗಿ ತೆಗಳುವ ಟ್ಯಾಗ್. ಎರಡೂ ಕಂಪನಿಗೆ ಲಾಭವೇ.

ತಮಿಳಿನ ಅಜಿತ್ 2011ರಲ್ಲಿ ತಮ್ಮ ಅಭಿಮಾನಿ ಸಂಘಗಳನ್ನೇ ವಿಸರ್ಜಿಸಿದರು. ದೊಡ್ಡ ಮಾತು ಅದು. ಆದರೂ ಅಜಿತ್ ಮತ್ತು ವಿಜಯ್ ಅಭಿಮಾನಿಗಳ ಟ್ಯಾಗ್ ಯುದ್ಧ ಟ್ವಿಟರಿನಲ್ಲಿ ವರ್ಷಾನುಗಟ್ಟಲೆ ನಡೆಯಿತು. ಸಂಘದ ಬೋರ್ಡು ಇಳಿಸಿದರೆ ಸಾಲದು, ಜಗಳವನ್ನೇ ಮೆರೆಸುವ ಜಾಗ ತೆರೆದೇ ಇದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಇನ್‌ಸ್ಟಾಗ್ರಾಂ: ಮುಖವಾಡದ ಸಂತೆ

2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಮುಂದಿನ ತಿಂಗಳೇ ಇನ್‌ಸ್ಟಾಗ್ರಾಮಿನಲ್ಲಿ ರೀಲ್ಸ್ ಬಂತು. ನಮ್ಮ ಊರುಗಳ ಹುಡುಗ ಹುಡುಗಿಯರು ಇಡಿಯಾಗಿ ಅಲ್ಲಿಗೆ ಗುಳೆ ಹೋದರು. ಇಲ್ಲಿ ನಿಜವಾದ ಹೆಸರು ಬೇಕಿಲ್ಲ. ಬಾಸ್ ಹೆಸರು, ಹಿಂದೆ ಮುಂದೆ ಎರಡು ಅಂಕಿ, ಬಾಸ್ ಫೋಟೋ ಇದ್ದರೆ ಒಂದು ಖಾತೆ. ಒಬ್ಬನಿಗೇ ನಾಲ್ಕು ಖಾತೆ. ಮತ್ತೆ, ಯಾರಿಗೆ ಬೇಕಾದರೂ ನೇರವಾಗಿ ಮೆಸೇಜು ಕಳಿಸುವ ದಾರಿ. ಕಟ್ಟೆಯಲ್ಲಿ, ಕ್ಯೂನಲ್ಲಿ, ಫೇಸ್‌ಬುಕ್ಕಿನಲ್ಲಿ ಯಾರಾದರೂ ಕೇಳಿಸಿಕೊಳ್ಳುತ್ತಾರೆ ಎಂಬ ಅಳುಕಿತ್ತು. ಇಲ್ಲಿ ಕೇಳಿಸಿಕೊಳ್ಳುವವಳು ಒಬ್ಬಳೇ, ಬೈಸಿಕೊಳ್ಳುವವಳು.

ಈ ದಾರಿ ಎಲ್ಲಿಗೆ ಮುಟ್ಟಿತು ಎಂಬುದನ್ನು ಮೈಸೂರಿನವರಾದ ನಾವು ಮರೆಯುವ ಹಾಗಿಲ್ಲ. 2024ರ ಜೂನ್ 11ರಂದು ನಟ ದರ್ಶನ್ ಅವರನ್ನು ಪೊಲೀಸರು ಬಂಧಿಸಿದ್ದು ಮೈಸೂರಿನಲ್ಲಿ. ಪೊಲೀಸರ ಪ್ರಕಾರ, ದರ್ಶನ್ ಅವರ ಅಭಿಮಾನಿಯೇ ಆಗಿದ್ದ ಚಿತ್ರದುರ್ಗದ ಒಬ್ಬ ಯುವಕ ಪವಿತ್ರಾ ಗೌಡ ಅವರಿಗೆ ಇನ್‌ಸ್ಟಾಗ್ರಾಮಿನಲ್ಲಿ ಅಶ್ಲೀಲ ಮೆಸೇಜುಗಳನ್ನು ಕಳಿಸಿದ್ದ, ಅದಕ್ಕಾಗಿ ಅವನನ್ನು ಬೆಂಗಳೂರಿಗೆ ಕರೆತಂದು ಹಿಂಸಿಸಿ ಕೊಲ್ಲಲಾಯಿತು. ಆ ಸೆಪ್ಟೆಂಬರಿನಲ್ಲಿ 17 ಜನರ ಮೇಲೆ ಆರೋಪಪಟ್ಟಿ ಸಲ್ಲಿಕೆಯಾಯಿತು. ಡಿಸೆಂಬರಿನಲ್ಲಿ ಹೈಕೋರ್ಟ್ ಕೊಟ್ಟ ಜಾಮೀನನ್ನು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 14ರಂದು ರದ್ದು ಮಾಡಿತು. ಯಾರು ಅಪರಾಧಿ ಎಂದು ಹೇಳಬೇಕಾದ್ದು ನ್ಯಾಯಾಲಯ, ನಾವಲ್ಲ. ಆದರೆ ಇಷ್ಟಂತೂ ಎಲ್ಲರ ಕಣ್ಣೆದುರಿಗಿದೆ: ಒಬ್ಬ ಯುವಕ ಸತ್ತ. ಆಗ ಅವನ ಹೆಂಡತಿ ಗರ್ಭಿಣಿ. ವಯಸ್ಸಾದ ತಂದೆ ತಾಯಿ ಟಿವಿ ಮೈಕುಗಳ ಮುಂದೆ ನಿಂತರು.

ಅದರಿಂದ ಪಾಠ ಕಲಿತೆವೇ? 2025ರ ಜುಲೈನಲ್ಲಿ ಇದೇ ಪ್ರಕರಣದ ಬಗ್ಗೆ ನಟಿ ರಮ್ಯಾ ತಮ್ಮ ಅಭಿಪ್ರಾಯ ಹಂಚಿಕೊಂಡರು. ಒಬ್ಬ ಪ್ರಜೆ ಕೋರ್ಟಿನ ವಿಚಾರದಲ್ಲಿ ನ್ಯಾಯ ಸಿಗಲಿ ಎನ್ನುವುದು ಅಪರಾಧವಲ್ಲ. ಅವರ ಇನ್‌ಸ್ಟಾಗ್ರಾಮಿಗೆ ಅತ್ಯಾಚಾರದ, ಕೊಲೆಯ ಬೆದರಿಕೆಗಳು ಸುರಿದವು. ಜುಲೈ 28ರಂದು ಅವರು ಬೆಂಗಳೂರು ಪೊಲೀಸ್ ಕಮಿಷನರಿಗೆ 43 ಖಾತೆಗಳ ವಿವರ ಸಮೇತ ದೂರು ಕೊಟ್ಟರು. ಬೇರೆ ಬೇರೆ ಊರುಗಳಲ್ಲಿ ಬಂಧನಗಳಾದವು. ಸಿಕ್ಕಿಬಿದ್ದವರಲ್ಲಿ ದೊಡ್ಡ ಮನುಷ್ಯರ ಮಕ್ಕಳಿರಲಿಲ್ಲ, ನಮ್ಮ ನಿಮ್ಮಂಥ ಮನೆಯ ಹುಡುಗರಿದ್ದರು.

ರಮ್ಯಾ ಅವರಿಗೆ ಹೆಸರಿದೆ, ವಕೀಲರಿದ್ದಾರೆ, ಕಮಿಷನರ್ ಕಚೇರಿಯ ಬಾಗಿಲು ತೆರೆಯುತ್ತದೆ. ನಮ್ಮೂರಿನ ಡಿಗ್ರಿ ಓದುವ ಹುಡುಗಿ ಒಂದು ರೀಲ್ಸ್ ಹಾಕಿ, ಈ ಸಿನಿಮಾ ನನಗೆ ಹಿಡಿಸಲಿಲ್ಲ ಅಂದರೆ ಅವಳಿಗೂ ಅದೇ ಮೆಸೇಜುಗಳು ಬರುತ್ತವೆ. ಅವಳು ಮನೆಯಲ್ಲಿ ಹೇಳಿದರೆ ಮೊದಲು ಕಿತ್ತುಕೊಳ್ಳುವುದು ಅವಳ ಫೋನನ್ನೇ. ಬೈದವನ ಫೋನು ಅವನ ಕೈಯಲ್ಲೇ ಇರುತ್ತದೆ. ಇದು ನಮ್ಮ ಜೊತೆಗಾತಿಗೇ ಆದದ್ದು. ಅವಳು ಆ ಆಪ್ ನಡೆಸುವ ಕಂಪನಿಗೆ ದೂರು ಒತ್ತಿದಳು. ನಮ್ಮ ನಿಯಮ ಉಲ್ಲಂಘನೆ ಕಂಡುಬಂದಿಲ್ಲ ಎಂದು ಉತ್ತರ ಬಂತು. ಬೈಗುಳ ಕನ್ನಡದ್ದು, ಅಕ್ಷರ ಇಂಗ್ಲಿಷಿನದ್ದು. ನಮ್ಮೂರ ಮೂರನೇ ಕ್ಲಾಸಿನ ಮಗುವಿಗೆ ಅರ್ಥವಾಗುವ ಬೈಗುಳ ಕೋಟಿ ಕೋಟಿ ದುಡಿಯುವ ಕಂಪನಿಗೆ ಅರ್ಥವಾಗಲಿಲ್ಲ.

ಹಾಗಾದರೆ ತಪ್ಪು ಆಪ್‌ನದೇನಾ?

ಈ ಪ್ರಶ್ನೆ ನಮ್ಮೊಳಗೇ ಎದ್ದಿತು. ನಮ್ಮ ಗುಂಪಿನಲ್ಲಿ ದರ್ಶನ್ ಅಭಿಮಾನಿ ಇದ್ದಾನೆ, ಸುದೀಪ್ ಅಭಿಮಾನಿ ಇದ್ದಾನೆ, ಅಪ್ಪು ಫೋಟೋವನ್ನು ಪರ್ಸಿನಲ್ಲಿಟ್ಟುಕೊಂಡವಳಿದ್ದಾಳೆ. ಎರಡು ರಾತ್ರಿ ಜಗಳ ಆಡಿದೆವು. ಎಲ್ಲವನ್ನೂ ಆಪ್ ಮೇಲೆ ಹಾಕಿದರೆ ಬೈದವನು ಪಾರಾಗುತ್ತಾನಲ್ಲ ಎಂದು ಅವಳು ಕೇಳಿದಳು. ಸರಿಯಾದ ಮಾತು. ಬಾರಿನಲ್ಲಿ ಕುಡಿಸಿದವರು ಯಾರೇ ಇರಲಿ, ಮನೆಗೆ ಬಂದು ಹೆಂಡತಿಗೆ ಹೊಡೆದವನ ಕೈ ಅವನದೇ. ಹೆಣ್ಣುಮಗಳಿಗೆ ಬೆದರಿಕೆ ಬರೆದವನ ಮೇಲೆ ಕೇಸು ಆಗಲೇಬೇಕು. ಮುಗ್ಧ, ಬಡವ, ಹಳ್ಳಿಯವನು ಎಂಬ ರಿಯಾಯಿತಿ ಬೇಡ.

ಆದರೆ ಕುಡಿಸಿದವನ ಲೈಸೆನ್ಸ್ ಬಗ್ಗೆ ಯಾರೂ ಕೇಳುವುದೇ ಬೇಡವೇ? ಬೈದವನಿಗೆ ಜೈಲು, ಬೈಗುಳವನ್ನು ಲಕ್ಷ ಜನಕ್ಕೆ ಹಂಚಿದವರಿಗೆ ಜಾಹೀರಾತಿನ ದುಡ್ಡು. ಈ ಲೆಕ್ಕದಲ್ಲಿ ನ್ಯಾಯ ಇಲ್ಲ.

ನಮ್ಮ ತಕರಾರು ತಾರೆಯರ ಮೇಲೂ ಇದೆ. ರಾಜ್‌ಕುಮಾರ್ ಅಭಿಮಾನಿಗಳನ್ನು ದೇವರುಗಳು ಎಂದು ಕರೆದರು. ಇಂದಿನವರಿಗೆ ಅಭಿಮಾನಿಗಳು ಸೈನಿಕರು, ಸೆಲೆಬ್ರಿಟಿಗಳು. ಹೆಸರು ಏನೇ ಇರಲಿ, ಟೀಸರ್ ಬಂದಾಗ ಅವರನ್ನು ಕರೆಯುತ್ತಾರೆ, ಅವರು ಇನ್ನೊಬ್ಬರ ಮನೆಯ ಹೆಣ್ಣುಮಕ್ಕಳನ್ನು ಬೈಯುವಾಗ ಬಹಳ ಜನ ಸುಮ್ಮನಿರುತ್ತಾರೆ. ಅವರ ಮಾತಿಗೆ ಬೆಲೆ ಇಲ್ಲ ಎಂದಲ್ಲ. 2021ರ ಜೂನ್‌ನಲ್ಲಿ ಕೋವಿಡ್‌ನಿಂದ ಮೃಗಾಲಯಗಳಿಗೆ ಆದಾಯ ನಿಂತಾಗ, ಪ್ರಾಣಿಗಳನ್ನು ದತ್ತು ತೆಗೆದುಕೊಳ್ಳಿ ಎಂದು ದರ್ಶನ್ ಒಂದು ವಿಡಿಯೋದಲ್ಲಿ ಕೇಳಿಕೊಂಡರು. ಮೈಸೂರು ಮೃಗಾಲಯ ಸೇರಿದಂತೆ ರಾಜ್ಯದ ಮೃಗಾಲಯಗಳಿಗೆ ದುಡ್ಡು ಹರಿದುಬಂತು. ಐವತ್ತು ನೂರು ರೂಪಾಯಿ ಇದ್ದವರೂ ಕೊಟ್ಟರು. 2024ರ ಜನವರಿ 8ರಂದು ಯಶ್ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸಲು ಹೋಗಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ಮೂವರು ಯುವಕರು ವಿದ್ಯುತ್ ತಗುಲಿ ಸತ್ತರು. ಯಶ್ ಆ ಊರಿಗೆ ಹೋಗಿ ಮನೆಯವರನ್ನು ಕಂಡು, ಇಂಥ ಅಭಿಮಾನ ಬೇಡ ಎಂದರು. ಮೂರು ಜೀವ ಹೋದ ಮೇಲೆ ಬಂದ ಮಾತು ಮೊದಲೇ ಬಂದಿದ್ದರೆ?

ಒಂದು ವಿಡಿಯೋದಿಂದ ಆನೆ, ಹುಲಿಗಳಿಗೆ ಮೇವು ತರಿಸಬಲ್ಲ ಬಾಯಿ, ಒಂದು ವಿಡಿಯೋದಿಂದ ಬೈಗುಳ ನಿಲ್ಲಿಸಲಾರದೇ? ಕನಿಷ್ಠ, ಬೈದವನು ನನ್ನ ಅಭಿಮಾನಿ ಅಲ್ಲ ಎಂದು ಹೆಸರು ಹಿಡಿದು ಹೇಳಲಾಗದೇ?

ನಾವು ಕೇಳುವುದು

ತಾರೆಯರಿಗೆ: ಟೀಸರ್ ಬಿಡುವ ದಿನವೇ ಒಂದು ಸಾಲು ಹೇಳಿ. ಇನ್ನೊಬ್ಬ ನಟನ ಮನೆಯವರನ್ನು, ಯಾವ ಹೆಣ್ಣುಮಗಳನ್ನೂ ಬೈದು ನನಗೆ ಗೌರವ ತರಬೇಡಿ ಎಂದು. ನಿಮ್ಮ ಪ್ರಚಾರದ ಹಣ ಬೆಂಕಿ ಹಚ್ಚುವ ಟ್ರೋಲ್ ಪುಟಗಳಿಗೆ ಹೋಗುತ್ತಿದ್ದರೆ ಇಂದೇ ನಿಲ್ಲಿಸಿ.

ಕಂಪನಿಗಳಿಗೆ: ಕನ್ನಡದಲ್ಲಿ ಜಾಹೀರಾತು ಮಾರಲು ಬಂದವರು ಕನ್ನಡದ ಬೈಗುಳ ಗುರುತಿಸುವ ಕನ್ನಡದ ಜನರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಿ. 2021ರ ಐಟಿ ನಿಯಮಗಳ ಪ್ರಕಾರ ನೀವು ದೂರು ಅಧಿಕಾರಿಯನ್ನು ನೇಮಿಸಲೇಬೇಕು, ಗಡುವಿನೊಳಗೆ ದೂರು ತೀರಿಸಲೇಬೇಕು. ಆ ಅಧಿಕಾರಿಯ ವಿಳಾಸ ಹಳ್ಳಿಯ ಹುಡುಗಿಗೂ ಸಿಗುವ ಹಾಗೆ ಕನ್ನಡದಲ್ಲಿ ಕಾಣಲಿ.

ಪೊಲೀಸರಿಗೆ: ನಟಿಯ ದೂರಿಗೆ ತೋರಿದ ಚುರುಕನ್ನು ಹಳ್ಳಿಯ ಹುಡುಗಿಯ ದೂರಿಗೂ ತೋರಿಸಿ. ಹಾಗೆಯೇ ಸಿನಿಮಾ ಚೆನ್ನಾಗಿಲ್ಲ ಎಂದವನನ್ನೂ, ಅತ್ಯಾಚಾರ ಮಾಡುತ್ತೇನೆ ಎಂದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಟೀಕೆ ಅಪರಾಧವಲ್ಲ. ಬರೀ ಕಿರಿಕಿರಿಯ ಮಾತಿಗೂ ಬಂಧಿಸಲು ಬಳಕೆಯಾಗುತ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರಲ್ಲೇ ಹೊಡೆದು ಹಾಕಿದೆ.

ನಮ್ಮ ಹೆಣ್ಣುಮಕ್ಕಳಿಗೆ: ಬೆದರಿಕೆಯ ಮೆಸೇಜು ಬಂದರೆ ಸಿಟ್ಟಿನಲ್ಲಿ ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆಯಿರಿ, ಖಾತೆಯ ಹೆಸರು ಮತ್ತು ಲಿಂಕ್ ಉಳಿಸಿಕೊಳ್ಳಿ, ಆಮೇಲೆ ಬ್ಲಾಕ್ ಮಾಡಿ. ಹತ್ತಿರದ ಠಾಣೆಗೆ ಅಥವಾ ಜಿಲ್ಲೆಯ ಸೆನ್ ಠಾಣೆಗೆ ದೂರು ಕೊಡಿ. ಸೈಬರ್ ಸಹಾಯವಾಣಿ 1930, ತುರ್ತಿಗೆ 112. ಮನೆಯವರಲ್ಲಿ ಒಂದು ಬಿನ್ನಹ: ಅವಳ ಫೋನು ಕಿತ್ತುಕೊಳ್ಳಬೇಡಿ, ಅವಳ ಜೊತೆ ಠಾಣೆಗೆ ಹೋಗಿ.

ಅಭಿಮಾನಿ ಗೆಳೆಯರಿಗೆ, ಅಂದರೆ ನಮಗೆ ನಾವೇ: ಒತ್ತುವ ಮೊದಲು ಒಂದು ಪರೀಕ್ಷೆ ಸಾಕು. ಬರೆದದ್ದನ್ನು ಅಪ್ಪನ ಮುಂದೆ ಜೋರಾಗಿ ಓದಬಲ್ಲೆಯಾ? ಓದಬಲ್ಲೆಯಾದರೆ ಕಳಿಸು, ಎಷ್ಟೇ ಖಾರವಾಗಿರಲಿ. ಇಲ್ಲವಾದರೆ ಅಳಿಸು.

ಆ ರೈತರಿಗೆ ನಾವು ಒಬ್ಬ ವಕೀಲರನ್ನು ಹುಡುಕಿ ಕೊಟ್ಟೆವು. ಹುಡುಗನ ವಿಚಾರಣೆ ಇನ್ನೂ ಮುಗಿದಿಲ್ಲ. ತಿಂಗಳಿಗೊಮ್ಮೆ ಕೂಲಿ ಬಿಟ್ಟು, ಬಸ್ ಚಾರ್ಜು ಹಾಕಿಕೊಂಡು ಅಪ್ಪ ಮಗ ಇಬ್ಬರೂ ಬರುತ್ತಾರೆ. ಹೋದ ಸಲ ಬಂದಾಗ ಹುಡುಗನನ್ನು ನಾವು ಕೇಳಿದೆವು, ಯಾಕಪ್ಪಾ ಬರೆದೆ ಎಂದು. ಅವನು ತಲೆ ಎತ್ತಲಿಲ್ಲ. "ಎಲ್ರೂ ಬರೀತಿದ್ರು ಅಣ್ಣ. ನಂದೊಂದಕ್ಕೇ ಅಷ್ಟೊಂದು ಲೈಕ್ ಬಂದಿದ್ದು" ಅಂದ.

ಆ ಲೈಕ್ ಕೊಟ್ಟವರಲ್ಲಿ ಒಬ್ಬರೂ ಅವನ ಜೊತೆ ಬಂದಿರಲಿಲ್ಲ. ಅವನು ಯಾರಿಗಾಗಿ ಬರೆದನೋ ಆ ನಟರಿಗೆ ಅವನ ಹೆಸರೂ ಗೊತ್ತಿಲ್ಲ. ಪಕ್ಕದಲ್ಲಿ ಕೂತಿದ್ದವರು ಅವನ ಅಪ್ಪ ಮಾತ್ರ. ಬಸ್ಸಿಗೆ ಹೊತ್ತಾಯಿತು ಎಂದು ಮಗನನ್ನು ಎಬ್ಬಿಸಿಕೊಂಡು ಹೋದರು.